ಅಂಗೈಯಗಲದ ರಾಕ್ಷಸರು

ನಂಜನಗೂಡಿನಲ್ಲಿ ರಾಕ್ಷಸ ಮಂಟಪ ಎಂಬ ಹೆಸರಿನ ವೃತ್ತವೊಂದಿದೆ. ವರ್ಷದ ಉಳಿದೆಲ್ಲ ದಿನಗಳಲ್ಲಿ ಅದು ಜನರು ಹಾದುಹೋಗುವ ಸಾಧಾರಣ ಸ್ಥಳ. ಧನುರ್ಮಾಸದ ಒಂದು ದಿನ ಮಾತ್ರ ಅಲ್ಲಿ ಒಬ್ಬ ರಾಕ್ಷಸ ಹುಟ್ಟುತ್ತಾನೆ. ನೆಲದ ಮೇಲೆ ಬಣ್ಣದ ರಂಗೋಲಿಯಲ್ಲಿ ಅಂಧಕಾಸುರನ ರೂಪವನ್ನು ಬಿಡಿಸುತ್ತಾರೆ. ಶ್ರೀಕಂಠೇಶ್ವರನ ಉತ್ಸವಮೂರ್ತಿ ಅಲ್ಲಿಗೆ ಬರುತ್ತದೆ. ಬಂದವರ ಕಾಲ್ತುಳಿತದಲ್ಲಿ ಆ ರೂಪ ಅಳಿಸಿಹೋಗುತ್ತದೆ. ರಾಕ್ಷಸನ ಆಯುಸ್ಸು ಅಷ್ಟೇ. ಮುಂದಿನ ವರ್ಷ ಅವನು ಮತ್ತೆ ಹುಟ್ಟುತ್ತಾನೆ.

ಈ ಆಚರಣೆಯಲ್ಲಿ ಭಯಂಕರನಾದವನನ್ನು ನೆಲದ ಮೇಲಿನ ಚಿತ್ರವಾಗಿ ಬಿಡಿಸುತ್ತೇವೆ, ಸುತ್ತ ನಿಂತು ನೋಡುತ್ತೇವೆ, ಕೊನೆಗೆ ಕೈಯಾರೆ, ಕಾಲಾರೆ ಅವನ ಕಥೆಯನ್ನು ಮುಗಿಸುತ್ತೇವೆ. ಮಕ್ಕಳ ಆಟಿಕೆಗಳಲ್ಲಿ ಬರುವ ಪುಟ್ಟ ರಾಕ್ಷಸರ ಕೆಲಸವೂ ಬಹುಮಟ್ಟಿಗೆ ಇದೇ. ಮುಷ್ಟಿಯಲ್ಲಿ ಹಿಡಿಯಬಹುದಾದ ಭೂತಕ್ಕೆ ಯಾವ ಮಗುವೂ ಹೆದರುವುದಿಲ್ಲ.

1990ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳ ಮಕ್ಕಳು ಇಂತಹ ರಾಕ್ಷಸರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಆ ಮಕ್ಕಳು ಈಗ ನಡುವಯಸ್ಸಿನವರು. ಕಳೆದುಹೋದ ಆ ಬೊಂಬೆಗಳನ್ನು ಹುಡುಕಿ ಕೊಳ್ಳುತ್ತಾರೆ, ಅವುಗಳ ಕಾರ್ಟೂನುಗಳನ್ನು ಮತ್ತೆ ನೋಡುತ್ತಾರೆ, ಬಾಲ್ಯವನ್ನು ನೆನೆಯುತ್ತಾರೆ. ಈ ಹಂಬಲವನ್ನು ನಾವು ಲಘುವಾಗಿ ಕಾಣಬೇಕಾಗಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿ ಹಂಬಲದ ಬಳಿಯೇ ನಿಂತುಬಿಡುವಂತಿಲ್ಲ. ಆ ರಾಕ್ಷಸ ಎಲ್ಲಿಂದ ಬಂದ? ಅವನನ್ನು ಚಿಕ್ಕದಾಗಿ ಮಾಡಿದವರು ಯಾರು? ಚಿಕ್ಕದಾಗುವಾಗ ಅವನು ಏನನ್ನು ಕಳೆದುಕೊಂಡ? ಈ ಪ್ರಶ್ನೆಗಳನ್ನು ಕೇಳಲು ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಿಗಿಂತ ಒಳ್ಳೆಯ ಜಾಗ ಸಿಗಲಾರದು.

ಎರಡು ಊರು, ಒಂದು ಮನೆತನ

ನಂಜನಗೂಡು ಕಪಿಲಾ ನದಿಯ ದಂಡೆಯ ಊರು. ಅದೇ ಕಪಿಲೆ ಮುಂದೆ ಹರಿದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೀಗೆ ಎರಡು ಊರುಗಳನ್ನು ಒಂದು ನದಿ ಜೋಡಿಸಿದೆ. ಇವುಗಳ ನಡುವೆ ಇನ್ನೊಂದು ನಂಟಿದೆ. ಅದು ರಾಕ್ಷಸರ ಕಡೆಯಿಂದ ಬಂದ ನಂಟು.

ಶಿವಪುರಾಣದ ಕಥೆ ಹೀಗಿದೆ. ಒಮ್ಮೆ ಪಾರ್ವತಿ ಆಟವಾಡುತ್ತ ಶಿವನ ಕಣ್ಣುಗಳನ್ನು ಮುಚ್ಚಿದಳು. ಲೋಕಕ್ಕೆ ಕತ್ತಲೆ ಕವಿಯಿತು. ಆಗ ಜಿನುಗಿದ ಬೆವರಿನಿಂದ ಕುರುಡನಾದ ಮಗುವೊಂದು ಹುಟ್ಟಿತು. ಅವನೇ ಅಂಧಕ. ಮಕ್ಕಳಿಲ್ಲದೆ ತಪಸ್ಸು ಮಾಡುತ್ತಿದ್ದ ಹಿರಣ್ಯಾಕ್ಷನಿಗೆ ಶಿವ ಆ ಮಗುವನ್ನು ಕೊಟ್ಟ. ಹಿರಣ್ಯಾಕ್ಷನ ಸೋದರ ಹಿರಣ್ಯಕಶಿಪು. ಅವನನ್ನು ಕೊಂದವನು ನರಸಿಂಹ. ಟಿ. ನರಸೀಪುರದ ಹೆಸರಿನಲ್ಲಿರುವವನೂ, ಅಲ್ಲಿನ ಗುಂಜಾ ನರಸಿಂಹನ ಗುಡಿಯಲ್ಲಿ ಪೂಜೆಗೊಳ್ಳುವವನೂ ಅವನೇ. ಆದ್ದರಿಂದ ನಂಜನಗೂಡಿನ ರಂಗೋಲಿಯಲ್ಲಿ ಅಳಿಯುವ ಅಂಧಕ, ನರಸೀಪುರದ ದೇವರು ಕಾಪಾಡಿದ ಪ್ರಹ್ಲಾದನಿಗೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಸಂಬಂಧದಲ್ಲಿ ಸೋದರನಾಗಬೇಕು. ಒಂದೇ ಮನೆಯಲ್ಲಿ ಬೆಳೆದ ಒಬ್ಬ ಭಕ್ತನಾದ, ಇನ್ನೊಬ್ಬ ರಾಕ್ಷಸನೆನಿಸಿದ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಯುದ್ಧದಲ್ಲಿ ಅಂಧಕನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ರಾಕ್ಷಸರು ಏಳುತ್ತಾರೆ. ಕೊನೆಗೆ ಶಿವ ಅವನನ್ನು ತ್ರಿಶೂಲದ ಮೇಲೆ ಎತ್ತಿ ಹಿಡಿದಾಗ ಅವನ ಅಹಂಕಾರ ಕರಗುತ್ತದೆ. ಶಿವ ಅವನನ್ನು ತನ್ನ ಗಣಗಳಲ್ಲಿ ಸೇರಿಸಿಕೊಳ್ಳುತ್ತಾನೆ. ಶತ್ರುವಾಗಿ ಬಂದವನು ಮನೆಯವನಾಗುತ್ತಾನೆ. ಹುಟ್ಟಿದ್ದೂ ಆ ಮನೆಯಲ್ಲಿಯೇ ಅಲ್ಲವೇ? ಈ ಮುಕ್ತಾಯವನ್ನು ನೆನಪಿನಲ್ಲಿಡಿ. ಆಟಿಕೆಯಾಗುವಾಗ ರಾಕ್ಷಸ ಮೊದಲು ಕಳೆದುಕೊಳ್ಳುವುದು ಇದನ್ನೇ.

ನರಸೀಪುರದ ನರಸಿಂಹನ ಕೈಯಲ್ಲಿಯೂ ಒಂದು ಚಿಕ್ಕ ವಸ್ತುವಿದೆ. ಅವನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಗುಲಗಂಜಿಯನ್ನು ಹಿಡಿದಿದ್ದಾನೆ. ಗುಲಗಂಜಿ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ಅದರ ತೂಕ ಸುಮಾರು 0.12 ಗ್ರಾಂ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಜನರ ನಂಬಿಕೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಬೆರಳುಗಳು ಒಂದು ಬೀಜವನ್ನು ಹಿಡಿದು ತೋರಿಸುತ್ತಿವೆ. ಚಿಕ್ಕದು ಎಂದರೆ ಅಲ್ಪ ಎಂದು ಅರ್ಥವಲ್ಲ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಕಲ್ಲಿನಲ್ಲಿ ಮಕರ, ಮೆಟ್ಟಿಲ ಮೇಲೆ ಮಹಿಷ

ರಾಕ್ಷಸರನ್ನೂ ವಿಚಿತ್ರ ಪ್ರಾಣಿಗಳನ್ನೂ ಕಿರಿದಾಗಿಸಿ ಸಾಲಾಗಿ ಜೋಡಿಸುವ ಕಲೆ ನಮ್ಮಲ್ಲಿ ಹಳೆಯದು. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ ನೋಡಿ. ಹೊಯ್ಸಳ ದೊರೆ 3ನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. ಬೇಲೂರು, ಹಳೇಬೀಡುಗಳ ಜೊತೆಗೆ ಅದು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಗೋಡೆಯ ಕೆಳಭಾಗದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ.

ಈ ಮಕರ ಯಾವ ಕಾಡಿನಲ್ಲಿಯೂ ಇಲ್ಲದ ಪ್ರಾಣಿ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಎಲ್ಲವೂ ಒಂದರಲ್ಲಿಯೇ ಸೇರಿವೆ. ಪುರಾಣದ ಪಟ್ಟಿಕೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತಗಳ ವೀರರೂ ರಕ್ಕಸರೂ ಪುಟ್ಟ ಆಕಾರದಲ್ಲಿ ಸಾಲುಗಟ್ಟಿದ್ದಾರೆ. ಪ್ರದಕ್ಷಿಣೆ ಬರುತ್ತ ಒಂದೊಂದೇ ದೃಶ್ಯ ನೋಡಿದರೆ ಕಥೆ ತಾನೇ ಮುಂದೆ ಸಾಗುತ್ತದೆ. ಇದನ್ನು ಆಟಿಕೆಯೆಂದು ಕರೆಯುವುದು ತಪ್ಪಾದೀತು. ಆದರೆ ದೊಡ್ಡ ಕಥೆಯನ್ನು ಚಿಕ್ಕ ರೂಪಗಳಲ್ಲಿ ಜೋಡಿಸಿ, ನೋಡುವವನು ನಡೆದುಕೊಂಡೇ ಅದನ್ನು ಓದುವಂತೆ ಮಾಡುವ ಜಾಣ್ಮೆ ಇಲ್ಲಿ ಸ್ಪಷ್ಟವಾಗಿದೆ. ಇಂತಹ ಶಿಲ್ಪಗಳಲ್ಲಿ ಹಲವಕ್ಕೆ ಶಿಲ್ಪಿ ಮಲ್ಲಿತಮ್ಮನ ಸಹಿ ಇದೆ. ಅಂದರೆ ಮಾಡಿದವನ ಹೆಸರೂ ಉಳಿದಿದೆ.

ಗುಡಿಯಿಂದ ಮನೆಗೆ ಬಂದರೆ ದಸರೆಯ ಗೊಂಬೆಗಳು. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಂದು ಬೆಸಸಂಖ್ಯೆಯ ಮೆಟ್ಟಿಲುಗಳನ್ನು ಕಟ್ಟಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಕೆಳಗಿನ ಮೆಟ್ಟಿಲುಗಳು ಮಕ್ಕಳ ರಾಜ್ಯ. ಶೆಟ್ಟಿ ದಂಪತಿಯ ದಿನಸಿ ಅಂಗಡಿ, ರಾಗಿ ಪೈರಿನ ತೋಟ, ಮೃಗಾಲಯ, ಮದುವೆ ದಿಬ್ಬಣ ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ಚಾಮುಂಡಿಯ ಕಾಲ ಬಳಿ ಮಹಿಷಾಸುರನೂ ಇರುತ್ತಾನೆ. ಸಂಜೆ ಮಕ್ಕಳು ಮನೆ ಮನೆಗೆ ಹೋಗಿ ಗೊಂಬೆ ಕೂರಿಸಿದ್ದೀರಾ ಎಂದು ಕೇಳುತ್ತಾರೆ, ಗೊಂಬೆ ಬಾಗಿನವೆಂದು ತಿಂಡಿ ಪಡೆಯುತ್ತಾರೆ. ಹಬ್ಬ ಮುಗಿದ ಮೇಲೆ ಗೊಂಬೆಗಳು ಬಟ್ಟೆ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತವೆ. ಮುಂದಿನ ವರ್ಷದ ತನಕ ಅವುಗಳಿಗೆ ನಿದ್ದೆ.

ಇಲ್ಲಿಯ ಮೂರು ಸಂಗತಿಗಳನ್ನು ಗುರುತಿಸಿಕೊಳ್ಳಿ. ಈ ರಾಕ್ಷಸನಿಗೆ ಒಂದು ಸ್ಥಳವಿದೆ. ಒಂದು ಕಾಲವಿದೆ. ಅವನ ಕಥೆಯನ್ನು ಹೇಳುವ ಅಜ್ಜಿಯೋ ತಾಯಿಯೋ ಪಕ್ಕದಲ್ಲಿದ್ದಾರೆ.

ಪೌಡರ್ ಡಬ್ಬಿಯಲ್ಲಿ ಒಂದು ಲೋಕ

ಈಗ ದೂರದ ಇಂಗ್ಲೆಂಡಿಗೆ ಹೋಗೋಣ. 1983ರಲ್ಲಿ ಕ್ರಿಸ್ ವಿಗ್ಸ್ ಎಂಬ ತಂದೆ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯೊಳಗೆ ತನ್ನ ಮಗಳಿಗಾಗಿ ಪುಟ್ಟ ಮನೆಯೊಂದನ್ನು ಮಾಡಿದ. ಡಬ್ಬಿ ತೆರೆದರೆ ಮನೆ, ಮುಚ್ಚಿದರೆ ಜೇಬಿಗೆ. ಈ ಕಲ್ಪನೆಯನ್ನು ಬ್ಲೂಬರ್ಡ್ ಎಂಬ ಆಟಿಕೆ ಕಂಪನಿ 1989ರಲ್ಲಿ ಪಾಲಿ ಪಾಕೆಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದು ಹುಡುಗಿಯರಿಗೆಂದು ಮಾರಿದ ಆಟಿಕೆ. ಹುಡುಗರಿಗೆಂದು ಅದೇ ಕಂಪನಿ 1992ರಲ್ಲಿ ಮೈಟಿ ಮ್ಯಾಕ್ಸ್ ಎಂಬುದನ್ನು ಹೊರತಂದಿತು. ಇಲ್ಲಿ ಡಬ್ಬಿಯ ಆಕಾರ ತಲೆಬುರುಡೆ, ಹಾವು, ರಾಕ್ಷಸರ ತಲೆ. ತೆರೆದರೆ ಒಳಗೆ ಗುಹೆ, ಸೇತುವೆ, ಬಲೆ, ಬೆರಳ ತುದಿಯಷ್ಟು ಚಿಕ್ಕ ಭೂತಗಳು ಮತ್ತು ಅವುಗಳ ಎದುರು ಟೋಪಿ ತೊಟ್ಟ ಒಬ್ಬ ಪುಟ್ಟ ಹುಡುಗ.

ಅಮೆರಿಕದಲ್ಲಿ ಆ ವೇಳೆಗಾಗಲೇ ಮಾನ್‌ಸ್ಟರ್ ಇನ್ ಮೈ ಪಾಕೆಟ್ ಎಂಬ ಆಟಿಕೆಗಳು ಬಂದಿದ್ದವು. ಮೃದುವಾದ ಪ್ಲಾಸ್ಟಿಕ್ಕಿನ ಈ ಪುಟ್ಟ ಬೊಂಬೆಗಳನ್ನು 1990ರಿಂದ ಮ್ಯಾಚ್‌ಬಾಕ್ಸ್ ಕಂಪನಿ ಮಾರಿತು. ಗ್ರೀಸಿನ ಮೆಡೂಸಾ, ರಷ್ಯಾದ ಬಾಬಾ ಯಾಗಾ, ಜಪಾನಿನ ತೆಂಗು ಹೀಗೆ ಲೋಕದ ನಾನಾ ಮೂಲೆಗಳ ಭೂತಗಳನ್ನು ಅದು ಒಂದೇ ಪೊಟ್ಟಣದಲ್ಲಿ ಕಲೆಹಾಕಿತು. ಪ್ರತಿಯೊಂದಕ್ಕೂ ಅಂಕಗಳು. ಹೆಚ್ಚು ಅಂಕದ ಭೂತ ಹೆಚ್ಚು ಬಲಶಾಲಿ. ಮಕ್ಕಳು ಕೂಡಿಹಾಕಿದರು, ಅದಲುಬದಲು ಮಾಡಿಕೊಂಡರು. ಅಂಧಕನ ರಕ್ತದ ಒಂದೊಂದು ಹನಿಯಿಂದ ಒಂದೊಂದು ರಾಕ್ಷಸ ಎದ್ದಂತೆ, ಒಂದು ಅಚ್ಚಿನಿಂದ ಸಾವಿರಾರು ರಾಕ್ಷಸರು ಎದ್ದರು.

ಬೊಂಬೆಗೆ ಕಥೆ ಕಟ್ಟಿದ ಟೆಲಿವಿಷನ್

ದಸರೆ ಗೊಂಬೆಯ ಕಥೆ ಅಜ್ಜಿಗೆ ಗೊತ್ತು. ಕಾರ್ಖಾನೆಯ ಭೂತದ ಕಥೆ ಯಾರಿಗೆ ಗೊತ್ತು? ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಆ ಕೆಲಸವನ್ನು ಟೆಲಿವಿಷನ್ ವಹಿಸಿಕೊಂಡಿತು.

ಅಮೆರಿಕದಲ್ಲಿ ಮೊದಲು ಇದಕ್ಕೆ ತಡೆಯಿತ್ತು. 1969ರಲ್ಲಿ ಆಟದ ಕಾರುಗಳ ಹೆಸರಿನಲ್ಲಿಯೇ ಹಾಟ್ ವೀಲ್ಸ್ ಎಂಬ ಕಾರ್ಟೂನ್ ಬಂದಾಗ, ಇದು ಅರ್ಧಗಂಟೆಯ ಜಾಹೀರಾತು ಎಂಬ ದೂರು ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗದ ಮುಂದೆ ಬಂತು. ಆಯೋಗ ಆ ದೂರಿನಲ್ಲಿ ಹುರುಳಿದೆಯೆಂದು ಕಂಡಿತು. 1980ರ ದಶಕದಲ್ಲಿ ಈ ಬಿಗಿ ಸಡಿಲವಾಯಿತು. 1982ರಲ್ಲಿ ಮ್ಯಾಟೆಲ್ ಕಂಪನಿ ಹೀ-ಮ್ಯಾನ್ ಬೊಂಬೆಗಳನ್ನು ತಂದಿತು. ಮರುವರ್ಷವೇ ಕಾರ್ಟೂನ್ ಬಂತು. 1984ರಲ್ಲಿ ಆಯೋಗ ಮಕ್ಕಳ ಕಾರ್ಯಕ್ರಮಗಳ ಜಾಹೀರಾತಿನ ಮಿತಿಗಳನ್ನೇ ಕೈಬಿಟ್ಟಿತು. 1990ರಲ್ಲಿ ಕಾನೂನಿನ ಮೂಲಕ ಆ ಮಿತಿಗಳನ್ನು ಮತ್ತೆ ತಂದರೂ ಬೊಂಬೆಯ ಬೆನ್ನಿಗೆ ಕಾರ್ಟೂನ್ ಬರುವ ಪದ್ಧತಿ ಬೇರೂರಿತ್ತು. 1992ರಲ್ಲಿ ಮಾನ್‌ಸ್ಟರ್ ಇನ್ ಮೈ ಪಾಕೆಟ್‌ಗೆ ಅರ್ಧಗಂಟೆಯ ಕಾರ್ಟೂನ್ ಚಿತ್ರವಾಯಿತು. 1993-94ರಲ್ಲಿ ಮೈಟಿ ಮ್ಯಾಕ್ಸ್‌ನ 40 ಕಂತುಗಳು ಪ್ರಸಾರವಾದವು.

ನಮ್ಮಲ್ಲಿ ಹಾದಿ ಬಹುಮಟ್ಟಿಗೆ ಬೇರೆಯಾಗಿತ್ತು. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ರಾಮಾಯಣ, 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ಮಹಾಭಾರತ ಪ್ರಸಾರವಾದವು. ಬೀದಿ ಬೀದಿಯ ಮಕ್ಕಳು ಪೊರಕೆ ಕಡ್ಡಿಯಿಂದ ಬಾಣ ಮಾಡಿಕೊಂಡರು. ಇಲ್ಲಿ ಕಥೆ ಮೊದಲೇ ಇತ್ತು, ಆಟಿಕೆ ಆಮೇಲೆ ಬಂತು, ಅದನ್ನೂ ಮಕ್ಕಳೇ ಮಾಡಿದರು. ಇದೇ ದೂರದರ್ಶನದಲ್ಲಿ ಹೀ-ಮ್ಯಾನ್ ಕೂಡ ಬಂದ. ಅವನ ಶತ್ರುವಾದ ಬುರುಡೆಮೋರೆಯ ಸ್ಕೆಲೆಟರ್ ಬೊಂಬೆಯಾಗಿ ಭಾರತದ ಅಂಗಡಿಗಳಿಗೂ ಬಂದ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಆರಂಭವಾಯಿತು.

ಬಳಿಕ ಬಂದದ್ದು ಪೋಕೆಮಾನ್. ಪಾಕೆಟ್ ಮಾನ್‌ಸ್ಟರ್, ಅಂದರೆ ಜೇಬಿನ ರಾಕ್ಷಸ ಎಂಬುದರ ಸಂಕ್ಷಿಪ್ತ ರೂಪವೇ ಆ ಹೆಸರು. ಇದನ್ನು ರೂಪಿಸಿದ ಜಪಾನಿನ ಸತೋಷಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುತ್ತಿದ್ದವರು. ಊರು ಬೆಳೆದು ಕೆರೆಬಯಲು ಮಾಯವಾದ ಮೇಲೆ ಆ ಸುಖ ಹೊಸ ಮಕ್ಕಳಿಗೂ ಸಿಗಲಿ ಎಂದು 1996ರಲ್ಲಿ ಅವರು ಈ ಆಟವನ್ನು ಹೊರತಂದರು. 2003ರಲ್ಲಿ ಅದರ ಕಾರ್ಟೂನ್ ಭಾರತದ ಮಕ್ಕಳಿಗೆ ದೊರೆಯಿತು. ಚಿಪ್ಸ್ ಪೊಟ್ಟಣದೊಳಗಿನ ಬಿಲ್ಲೆಗಳ ರೂಪದಲ್ಲಿ ಆ ಪುಟ್ಟ ರಾಕ್ಷಸರು ನಮ್ಮ ಮಕ್ಕಳ ಜೇಬನ್ನೂ ಸೇರಿದರು. ಇಂದು ಮೂವತ್ತು ದಾಟಿದ ನಿಮ್ಮ ಅಣ್ಣ ಅಕ್ಕಂದಿರನ್ನು ಕೇಳಿ ನೋಡಿ. ಪಾಠದ ಪದ್ಯ ಮರೆತಿದ್ದರೂ ಆ ಬಿಲ್ಲೆಯ ಹೆಸರುಗಳನ್ನು ಅವರು ಮರೆತಿರಲಾರರು. ಕಾರ್ಖಾನೆಯ ಕಥೆಯೆಂದು ಅದನ್ನು ಹಗುರ ಮಾಡಬೇಡಿ. ಮಗು ಮನಸಾರೆ ಆಡಿದ್ದೆಲ್ಲ ಅದರ ಬಾಲ್ಯವೇ.

ಯಾರ ರಾಕ್ಷಸ?

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ಮಾನ್‌ಸ್ಟರ್ ಇನ್ ಮೈ ಪಾಕೆಟ್ ಸಾಲಿನಲ್ಲಿ ಮೆಡೂಸಾ, ಬಾಬಾ ಯಾಗಾಗಳ ಜೊತೆಗೆ ಕಾಳಿಯೂ ಇದ್ದಳು. ಗಣೇಶನೂ ಹನುಮಂತನೂ ಇದ್ದರು. ತಯಾರಿಸಿದವರ ಕಣ್ಣಿಗೆ ಹಲವು ಕೈ, ಆನೆಯ ತಲೆ, ಬಾಲ ಇವೆಲ್ಲ ಭೂತದ ಲಕ್ಷಣಗಳಾಗಿ ಕಂಡವು. ಹೊರದೇಶಗಳಲ್ಲಿ ನೆಲಸಿದ ಹಿಂದೂಗಳು ಇದನ್ನು ಆಕ್ಷೇಪಿಸಿದರು. ನಾವು ದಿನವೂ ಕೈಮುಗಿಯುವ ದೇವರನ್ನು ಭೂತವೆಂದು ಮಾರಬೇಡಿ ಎಂಬುದು ಅವರ ಮಾತು. ಗ್ರೀಸಿನ ಮೆಡೂಸಾಗೆ ಇಂದು ಪೂಜೆ ಮಾಡುವವರಿಲ್ಲ, ಗಣೇಶನಿಗೆ ಇದ್ದಾರೆ. ಈ ವ್ಯತ್ಯಾಸ ಅಚ್ಚು ಕೊರೆದವನಿಗೆ ತಿಳಿಯಲಿಲ್ಲ. ಕಥೆ ಬಿಟ್ಟು ರೂಪವನ್ನಷ್ಟೇ ಎತ್ತಿಕೊಂಡರೆ ಆಗುವುದು ಹೀಗೆಯೇ.

ಇದನ್ನು ಓದಿ ನಮಗೆ ನೋವಾಗುವುದು ಸಹಜ. ಹಾಗಾದರೆ ಅದೇ ಅಳತೆಗೋಲನ್ನು ನಮ್ಮ ಊರಿನಲ್ಲಿಯೂ ಇಟ್ಟು ನೋಡೋಣ. 2023ರ ಡಿಸೆಂಬರಿನಲ್ಲಿ ನಂಜನಗೂಡಿನ ಅಂಧಕಾಸುರ ಸಂಹಾರದ ವೇಳೆ, ತುಳಿಯುತ್ತಿರುವುದು ಮಹಿಷಾಸುರನ ಚಿತ್ರವೆಂದು ದಲಿತ ಸಂಘಟನೆಯ ಕಾರ್ಯಕರ್ತರು ಆಕ್ಷೇಪವೆತ್ತಿದರು. ಇದು ಅಂಧಕಾಸುರ, ಇದು ಹಿಂದಿನಿಂದ ನಡೆದುಬಂದ ಸಂಪ್ರದಾಯ ಎಂದು ಭಕ್ತರು ಹೇಳಿದರು. ವಾಗ್ವಾದ ನಡೆಯಿತು, ದೂರುಗಳಾದವು, ಊರು ಕೆಲದಿನ ಕುದಿಯಿತು.

ಆಕ್ಷೇಪದ ಹಿಂದಿನ ಭಾವನೆ ಏನು? ಮಹಿಷ ಈ ನಾಡಿನ ಅರಸ, ಅವನ ಹೆಸರಿನಿಂದಲೇ ಮೈಸೂರು ಎಂಬ ಹೆಸರು ಬಂದಿದೆ, ಅವನನ್ನು ರಾಕ್ಷಸನೆಂದು ಚಿತ್ರಿಸಿದ್ದು ಆಮೇಲಿನವರು ಎಂದು ನಂಬುವ ಜನ ಇಲ್ಲಿದ್ದಾರೆ. 2010ರ ದಶಕದಿಂದ ಮೈಸೂರಿನಲ್ಲಿ ಮಹಿಷ ದಸರಾ ಎಂಬ ಆಚರಣೆಯೂ ನಡೆದಿದೆ. ಅಶೋಕನ ಕಾಲದಲ್ಲಿ ಮಹಾದೇವನೆಂಬ ಬೌದ್ಧ ಭಿಕ್ಷು ಮಹಿಷಮಂಡಲಕ್ಕೆ ಬಂದನೆಂದು ಸಿಂಹಳದ ಬೌದ್ಧ ಗ್ರಂಥಗಳು ಹೇಳುತ್ತವೆ. ಆ ಮಹಿಷಮಂಡಲ ಮೈಸೂರು ಸೀಮೆಯೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ, ಬೇರೆ ಕೆಲವರು ಒಪ್ಪಿಲ್ಲ. ಅರಸ ಮಹಿಷನೆಂಬುವನು ಇದ್ದನೆಂದು ತೋರಿಸುವ ಶಾಸನ ಇದಲ್ಲ. ಆದರೆ ಒಂದು ನಂಬಿಕೆ ಹೇಗೆ ಬೆಳೆಯಿತು ಎಂಬುದಕ್ಕೆ ಇದು ಒಂದು ಎಳೆ.

ನಾನು ಇಲ್ಲಿ ತೀರ್ಪು ಹೇಳಲು ಹೊರಟಿಲ್ಲ. ಗಮನಿಸಬೇಕಾದ ಮಾತು ಇಷ್ಟು: ಒಬ್ಬರ ಮನೆಯ ರಾಕ್ಷಸ ಇನ್ನೊಬ್ಬರ ಮನೆಯ ಹಿರಿಯನಾಗಿರಬಹುದು. ಲಂಡನ್ನಿನ ಅಂಗಡಿಯಲ್ಲಿ ಕಾಳಿಯನ್ನು ಕಂಡು ನೊಂದವರಿಗೆ ನಂಜನಗೂಡಿನ ಬೀದಿಯಲ್ಲಿ ನೊಂದವರ ದನಿ ಕೇಳಿಸಬೇಕು. ಹಾಗೆಯೇ ಶತಮಾನಗಳ ಕಥೆಯೊಂದನ್ನು ನಂಬಿ ನಡೆಸಿಕೊಂಡು ಬಂದವರ ಮನಸ್ಸನ್ನೂ ನೊಂದವರು ತಿಳಿಯಬೇಕು. ಇಬ್ಬರೂ ಪುರಾಣವನ್ನು ಪೂರ್ತಿ ಓದಿದರೆ ಅದರಲ್ಲಿಯೇ ಒಂದು ದಾರಿ ಕಾಣುತ್ತದೆ. ಅಲ್ಲಿ ಅಂಧಕ ಅಳಿದುಹೋಗುವುದಿಲ್ಲ, ಶಿವನ ಬಳಗಕ್ಕೆ ಸೇರುತ್ತಾನೆ.

ನೆನಪಿನಿಂದ ಚರಿತ್ರೆಗೆ

ಬಾಲ್ಯದ ಆಟಿಕೆಯ ನೆನಪು ಸಿಹಿಯಾದದ್ದು. ಆದರೆ ನೆನಪು ತನಗೆ ಬೇಕಾದುದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಬೊಂಬೆಯ ಬಣ್ಣವನ್ನು ಉಳಿಸಿಕೊಂಡು ಅದನ್ನು ಮಾಡಿದ ಕೈಯನ್ನು ಮರೆಯುತ್ತದೆ. ಚರಿತ್ರೆಯ ಕೆಲಸ ಮರೆತದ್ದನ್ನು ಹುಡುಕುವುದು. ರಾಜರ ವಂಶಾವಳಿಗೆ ಶಾಸನಗಳಿವೆ. ಮಕ್ಕಳು ಏನನ್ನು ಹಿಡಿದು ಆಡಿದರು, ಯಾವುದಕ್ಕೆ ಹೆದರಿದರು, ಹೆದರಿಕೆಯನ್ನು ಹೇಗೆ ಗೆದ್ದರು ಎಂಬುದಕ್ಕೆ ಯಾರೂ ಶಾಸನ ಬರೆಸುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಮನೆಯ ಮೂರು ತಲೆಮಾರಿನವರನ್ನು ಕೂರಿಸಿಕೊಂಡು ಕೇಳಿ. ಅಜ್ಜಿಯ ಕಾಲದ ಗೊಂಬೆ ಯಾವುದರಿಂದ ಮಾಡಿದ್ದು: ಮರವೇ, ಮಣ್ಣೇ, ಬಟ್ಟೆಯೇ? ನಂಜನಗೂಡಿನ ದೊಡ್ಡ ಜಾತ್ರೆಯಿಂದ ಅಮ್ಮ ಏನನ್ನು ಕೊಂಡು ತಂದಿದ್ದರು? ಅಣ್ಣನ ಜೇಬಿನಲ್ಲಿ ಯಾವ ಕಾರ್ಟೂನಿನ ರಾಕ್ಷಸನಿದ್ದ? ಆ ರಾಕ್ಷಸನ ಹೆಸರು, ಊರು, ಕಥೆ, ಬೆಲೆ, ಮಾಡಿದವರು ಇಷ್ಟನ್ನೂ ಕೇಳಿ, ವರ್ಷ ಹಾಕಿ ಬರೆದಿಡಿ. ನಿಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಇದನ್ನೇ ಕೇಳಿ. ಕೇಳುವ ಮನೆಗಳು ನಾಲ್ಕೂ ಒಂದೇ ಜನಾಂಗದವಾಗದಂತೆ ನೋಡಿಕೊಳ್ಳಿ. ಒಂದು ಮನೆಯಲ್ಲಿ ರಾಕ್ಷಸನಾದವನಿಗೆ ಇನ್ನೊಂದು ಮನೆಯಲ್ಲಿ ಏನು ಹೆಸರು ಎಂಬುದು ಆಗ ತಿಳಿಯುತ್ತದೆ.

ಹಾಗೆ ಬರೆದ ಒಂದು ಪುಟದ ಬೆಲೆ ಹೆಚ್ಚೇನೂ ಇರಲಿಕ್ಕಿಲ್ಲ, ಒಂದು ಗುಲಗಂಜಿಯ ತೂಕವಿರಬಹುದು. ಚಿನ್ನ ತೂಗಲು ನಮ್ಮ ಹಿರಿಯರು ಬಳಸಿದ್ದು ಆ ತೂಕವನ್ನೇ.